36 ಗಂಟೆಯ ಹ್ಯಾಕಥಾನ್‌ಗೆ ಟೀಮ್ ಕರೆದುಕೊಂಡು ಹೋದ ಮೇಡಂ ಕೊಟ್ಟ ಮಾರ್ಕ್ಸ್

ಬೆಂಗಳೂರಿನ ಒಂದು ಕಾಲೇಜು ನಡೆಸಿದ ಹ್ಯಾಕಥಾನ್‌ಗೆ, ಅಂದರೆ ಟೀಮುಗಳು ಹಗಲುರಾತ್ರಿ ಕೂತು ಕೋಡ್ ಬರೆದು ಪ್ರಾಜೆಕ್ಟ್ ಮಾಡುವ ಸ್ಪರ್ಧೆಗೆ, ನಾನು ಕೊಡುವ ಮಾರ್ಕ್ಸ್ ಐದಕ್ಕೆ ಮೂರೂವರೆ. ಅವಸರದಲ್ಲಿ ಇರುವವರು ಇಷ್ಟು ಓದಿ ಹೋಗಬಹುದು. ಬರೀ ಹುಡುಗರ ಟೀಮ್ ಆದರೆ ಕಣ್ಣು ಮುಚ್ಚಿ ಕಳಿಸಿ. ಹುಡುಗಿಯರಿದ್ದರೆ ಮೊದಲು ಆ ಕಾಲೇಜಿಗೆ ಒಂದು ಫೋನ್ ಮಾಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನಾನು ಗದಗ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತೇನೆ. ಹ್ಯಾಕಥಾನ್ ಬಂದರೆ ಟೀಮ್ ಜೊತೆ ಹೋಗುವ ಡ್ಯೂಟಿ ನನ್ನ ತಲೆಗೇ ಬೀಳುತ್ತದೆ. ‘ಹುಡುಗಿಯರಿದ್ದಾರೆ, ಲೇಡಿ ಫ್ಯಾಕಲ್ಟಿ ಬೇಕು’ ಅಂತ ನಮ್ಮ ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ಹೇಳುತ್ತಾರೆ, ಮುಗೀತು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಬೆಂಗಳೂರಲ್ಲಿ ಇಳಿದು, ಮಕ್ಕಳನ್ನು ಲ್ಯಾಬಿಗೆ ಬಿಟ್ಟು, ಆಮೇಲೆ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದು ನನ್ನ ಕೆಲಸ. ಬಹುಮಾನ ಎಷ್ಟು, ಸ್ಪಾನ್ಸರ್ ಯಾರು ಅಂತ ಮಕ್ಕಳು ನೋಡುತ್ತಾರೆ. ನಾನು ನಿಯಮದ ಹಾಳೆ ನೋಡುತ್ತೇನೆ. ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ನನ್ನ ಕೈಯಲ್ಲಿ ಇರುವುದು ಅದೊಂದೇ.

ಕಾಲೇಜಿನ ಹೆಸರು ಹಾಕಿಲ್ಲ. ಬೆಂಗಳೂರಿನ ಹೊರವಲಯದ ಖಾಸಗಿ ಕಾಲೇಜು ಅಂದರೆ ಸಾಕು. ನಮ್ಮ ಮಕ್ಕಳು ನಾಳೆ ಅಲ್ಲಿಗೆ ಎಂ.ಟೆಕ್‌ಗೂ ಹೋಗಬಹುದು, ಸುಮ್ನೆ ಯಾಕೆ.

ಮೊದಲು ಚೆನ್ನಾಗಿದ್ದುದನ್ನು ಹೇಳುತ್ತೇನೆ. ರಿಜಿಸ್ಟ್ರೇಷನ್ ಕೌಂಟರ್‌ನಲ್ಲಿ ಐಡಿ ಕಾರ್ಡ್ ಜೊತೆ ಎರಡು ಪುಟದ ಹಾಳೆ ಕೊಟ್ಟರು. ಒಂದು ಪುಟ ಸ್ಪರ್ಧೆಯ ನಿಯಮ, ಇನ್ನೊಂದು ನಡವಳಿಕೆಯ ನಿಯಮ. ಬಹಳ ಕಾಲೇಜುಗಳು ಈ ಎರಡನೇ ಪುಟ ಕೊಡುವುದೇ ಇಲ್ಲ. ‘ಶಿಸ್ತು ಕಾಪಾಡಿ, ಆಯೋಜಕರ ತೀರ್ಮಾನವೇ ಅಂತಿಮ’ ಅಂತ ಪೋಸ್ಟರಿನ ಕೆಳಗೆ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ಯಾವುದು ಕಿರುಕುಳ, ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ ಅಂತ ಬಿಡಿಸಿ ಬರೆದಿದ್ದರು. ಓದಿದ ಕೂಡಲೇ ಗೊತ್ತಾಯಿತು, ಇದು ಎಂಎಲ್‌ಎಚ್‌ನವರದ್ದನ್ನು ನೋಡಿ ಬರೆದದ್ದು. ಮೇಜರ್ ಲೀಗ್ ಹ್ಯಾಕಿಂಗ್ ಅಂತ, 2013ರಲ್ಲಿ ಅಮೆರಿಕದಲ್ಲಿ ಶುರುವಾದ ಸಂಸ್ಥೆ. ವಿದ್ಯಾರ್ಥಿ ಹ್ಯಾಕಥಾನ್‌ಗಳಿಗೆ ಅವರ ನಿಯಮಗಳೇ ಈಗ ಅರ್ಧ ಜಗತ್ತಿಗೆ ಮಾದರಿ. ನಕಲು ಮಾಡಿದ್ದಕ್ಕೆ ನನ್ನ ತಕರಾರು ಇಲ್ಲ. ಒಳ್ಳೆಯದನ್ನೇ ನಕಲು ಮಾಡಿದ್ದಾರೆ.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಫೋಟೋದ ನಿಯಮ. ಫೋಟೋ ತೆಗೆಯಬಹುದು, ಆದರೆ ಬೇಡ ಅಂದವರದ್ದು ತೆಗೆಯಬಾರದು. ಮಲಗಿದ ಜಾಗದಲ್ಲಂತೂ ತೆಗೆಯುವಂತೆಯೇ ಇಲ್ಲ. ಸಣ್ಣ ವಿಷಯ ಅನ್ನಿಸಬಹುದು. ಹಿಂದೊಮ್ಮೆ ಬೇರೆ ಕಡೆ ನಮ್ಮ ಹುಡುಗ ಕೀಬೋರ್ಡ್ ಮೇಲೆ ತಲೆ ಇಟ್ಟು ಬಾಯಿ ತೆರೆದು ಮಲಗಿದ್ದನ್ನು ರೀಲ್ ಮಾಡಿ ಹಾಕಿದ್ದರು. ಅವನು ಸೆಮಿಸ್ಟರ್ ಪೂರ್ತಿ ಕ್ಲಾಸಿನಲ್ಲಿ ಅದನ್ನೇ ಕೇಳಿಸಿಕೊಂಡ. ಇಲ್ಲಿ ಕ್ಯಾಮೆರಾ ಹಿಡಿದ ವಾಲಂಟಿಯರ್ ಹುಡುಗ ಪ್ರತಿ ಟೇಬಲ್ಲಿಗೂ ಬಂದು ‘ತೆಗೀಬಹುದಾ’ ಅಂತ ಕೇಳುತ್ತಿದ್ದ. ಬೇಡ ಅಂದವರ ಐಡಿ ಕಾರ್ಡಿನ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಿದ್ದ. ನಾನೂ ಒಂದು ಅಂಟಿಸಿಕೊಂಡೆ.

ನಿಜವಾದ ಪರೀಕ್ಷೆ ಮೊದಲ ರಾತ್ರಿಯೇ ಬಂತು. ಹನ್ನೆರಡು ದಾಟಿತ್ತು. ನಮ್ಮ ಟೀಮಿನ ಹುಡುಗಿಯೊಬ್ಬಳು ಹೊರಗೆ ಬಂದು ನನ್ನ ಪಕ್ಕ ಕೂತಳು. ನೀರು ಕುಡಿಯುತ್ತಾಳೆ, ಬಾಟಲಿ ಮುಚ್ಚುತ್ತಾಳೆ, ಮತ್ತೆ ತೆಗೆಯುತ್ತಾಳೆ. ಏನು ಅಂದೆ. ‘ಏನಿಲ್ರಿ ಮೇಡಂ.’ ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. ಟೀಮುಗಳಿಗೆ ಸಲಹೆ ಕೊಡಲು ಸ್ಪಾನ್ಸರ್ ಕಡೆಯಿಂದ ಬಂದಿದ್ದ ಒಬ್ಬ ಮೆಂಟರ್ ಮತ್ತೆ ಮತ್ತೆ ಟೇಬಲ್ಲಿಗೆ ಬರುತ್ತಿದ್ದಾನೆ. ಕೋಡ್ ನೋಡುವ ನೆಪದಲ್ಲಿ ಕುರ್ಚಿಗೆ ಕೈ ಹಾಕಿ ನಿಲ್ಲುತ್ತಾನೆ. ಇನ್‌ಸ್ಟಾ ಐಡಿ ಕೇಳಿದ, ಕೊಡಲ್ಲ ಅಂದದ್ದಕ್ಕೆ ‘ಇಂಟರ್ನ್‌ಶಿಪ್ ಬೇಡ್ವಾ’ ಅಂತ ನಕ್ಕ. ಇಷ್ಟಕ್ಕೆ ಕಂಪ್ಲೇಂಟ್ ಮಾಡಬಹುದೋ ಇಲ್ಲವೋ ಅಂತ ಅವಳಿಗೆ ಅನುಮಾನ. ಹಾಳೆ ತೆಗೆದು ತೋರಿಸಿದೆ. ‘ಬೇಡ ಅಂದ ಮೇಲೂ ವೈಯಕ್ತಿಕ ಸಂಪರ್ಕಕ್ಕೆ ಒತ್ತಾಯಿಸುವುದು’ ಅಂತ ಅಲ್ಲೇ ಅಚ್ಚಾಗಿತ್ತು. ‘ಮೆಂಟರ್, ಜಡ್ಜ್, ಪ್ರಾಯೋಜಕರು ಎಲ್ಲರಿಗೂ ಅನ್ವಯ’ ಅಂತಲೂ ಇತ್ತು. ಆ ಸಾಲು ನೋಡಿದ ಮೇಲೆ ದೂರು ಹೇಳುವ ನಂಬರಿಗೆ ಅವಳೇ ಫೋನ್ ಹಚ್ಚಿದಳು.

ಫೋನ್ ಎತ್ತಿದರು. ಇದನ್ನು ಒತ್ತಿ ಹೇಳುತ್ತೇನೆ. ಇಂಥ ನಂಬರುಗಳು ಸಾಮಾನ್ಯವಾಗಿ ರಾತ್ರಿ ಹೊತ್ತು ಸ್ವಿಚ್ ಆಫ್ ಇರುತ್ತವೆ, ಇಲ್ಲವೇ ಯಾರೋ ಸೆಕೆಂಡ್ ಇಯರ್ ಹುಡುಗ ಎತ್ತಿ ‘ಸರ್‌ನ ಕೇಳಿ ಹೇಳ್ತೀನಿ’ ಅನ್ನುತ್ತಾನೆ. ಇಲ್ಲಿ ಒಬ್ಬ ಮೇಡಂ ಎತ್ತಿದರು. ಶಾಲು ಹೊದ್ದುಕೊಂಡು ನಡೆದೇ ಬಂದರು. ಹುಡುಗಿಯನ್ನು ಎಲ್ಲರ ಮುಂದೆ ಕೇಳಲಿಲ್ಲ. ಪಕ್ಕದ ಸ್ಟಾಫ್ ರೂಮಿಗೆ ಕರೆದುಕೊಂಡು ಹೋದರು, ಜೊತೆಗೆ ನಾನಿರಬೇಕೋ ಬೇಡವೋ ಅಂತ ಅವಳನ್ನೇ ಕೇಳಿದರು. ಅವಳು ಹೇಳಿದ್ದನ್ನು ಬರೆದುಕೊಂಡು, ಓದಿ ತೋರಿಸಿ, ಸಹಿ ಹಾಕಿಸಿಕೊಂಡರು. ಅರ್ಧ ಗಂಟೆಯೊಳಗೆ ಆ ಮನುಷ್ಯನ ಕೊರಳಿನ ಕಾರ್ಡ್ ತೆಗೆದುಕೊಂಡು ಗೇಟಿನ ತನಕ ಬಿಟ್ಟು ಬಂದರು. ಗಲಾಟೆ ಇಲ್ಲ, ಮೈಕಿನಲ್ಲಿ ಭಾಷಣ ಇಲ್ಲ. ಲ್ಯಾಬಿನಲ್ಲಿ ಕೂತಿದ್ದ ಬಹಳ ಜನಕ್ಕೆ ಏನೂ ಗೊತ್ತೇ ಆಗಲಿಲ್ಲ.

ಆ ಮೇಡಂ ಕಾಲೇಜಿನ ಆಂತರಿಕ ದೂರು ಸಮಿತಿಯ, ಅಂದರೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿಯ ಸದಸ್ಯೆಯಂತೆ. ಇದು ಟೀಮ್ ಕರೆದುಕೊಂಡು ಹೋಗುವ ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿಯ ಪ್ರಕಾರ ಬೇರೆ ಕಾಲೇಜಿನ ಕಾರ್ಯಕ್ರಮಕ್ಕೆ ಹೋದ ವಿದ್ಯಾರ್ಥಿಗೆ ಅಲ್ಲಿ ಲೈಂಗಿಕ ಕಿರುಕುಳ ಆದರೆ, ಆ ವಿಷಯದ ಮಟ್ಟಿಗೆ ಅವಳು ಆ ಕಾಲೇಜಿನ ವಿದ್ಯಾರ್ಥಿನಿಯೇ. ‘ನಿಮ್ಮ ಕಾಲೇಜಿಗೆ ಹೋಗಿ ದೂರು ಕೊಡಿ’ ಅಂತ ಸಾಗಹಾಕಲು ಬರುವುದಿಲ್ಲ. ನನ್ನ ಜೊತೆ ಕೂತಿದ್ದ ಬೇರೆ ಕಾಲೇಜಿನ ಇಬ್ಬರು ಮೇಷ್ಟ್ರುಗಳಿಗೂ ಇದು ಹೊಸ ಸುದ್ದಿ. ಮೂರೂವರೆಯಲ್ಲಿ ಎರಡು ಮಾರ್ಕ್ಸ್ ಈ ಒಂದು ರಾತ್ರಿಯದ್ದು.

ಇಷ್ಟು ಚೆನ್ನಾಗಿ ಮಾಡಿದ ಕಾಲೇಜೇ ಹಾಸ್ಟೆಲ್ ವಿಷಯದಲ್ಲಿ ಎಡವಿದೆ ನೋಡಿ. ಹುಡುಗರಿಗೆ ಮಲಗಲು ಸೆಮಿನಾರ್ ಹಾಲ್, ಜಮಖಾನ ಹಾಸಿದ್ದರು. ಯಾವಾಗ ಬೇಕಾದರೂ ಹೋಗು, ಒಂದು ಗಂಟೆ ಮಲಗು, ಎದ್ದು ಬಾ. ಹುಡುಗಿಯರಿಗೆ ಲೇಡೀಸ್ ಹಾಸ್ಟೆಲಿನಲ್ಲಿ ಮಂಚ, ಹಾಸಿಗೆ, ಬಿಸಿನೀರು. ಕೇಳಲು ಹುಡುಗರಿಗಿಂತ ಚೆನ್ನಾಗಿದೆ ಅಲ್ವಾ? ಆದರೆ ಹಾಸ್ಟೆಲ್ ಗೇಟಿಗೆ ಹತ್ತು ಗಂಟೆಗೆ ಬೀಗ, ತೆಗೆಯುವುದು ಬೆಳಗ್ಗೆ ಆರಕ್ಕೆ. ಮಲಗಬೇಕು ಅಂದರೆ ಎಂಟು ಗಂಟೆ ಕೆಲಸ ಬಿಡಬೇಕು. ಕೆಲಸ ಬೇಕು ಅಂದರೆ ರಾತ್ರಿಯಿಡೀ ಲ್ಯಾಬಿನ ಕುರ್ಚಿ. 36 ಗಂಟೆಯಲ್ಲಿ ಎರಡು ರಾತ್ರಿ ಬಂದರೆ 16 ಗಂಟೆ ಹೋಯಿತು. ಉಳಿದ 20 ಗಂಟೆಯಲ್ಲಿ ಹುಡುಗಿಯರು, ಪೂರ್ತಿ 36ರಲ್ಲಿ ಹುಡುಗರು. ನಿಯಮದ ಹಾಳೆಯಲ್ಲಿ ‘ಎಲ್ಲರಿಗೂ ಸಮಾನ ಅವಕಾಶ’ ಅಂತ ದಪ್ಪ ಅಕ್ಷರದಲ್ಲಿ ಇತ್ತು.

ನಮ್ಮ ಹುಡುಗಿಯರು ಎರಡು ರಾತ್ರಿಯೂ ಲ್ಯಾಬಿನಲ್ಲೇ ಉಳಿದರು. ಟೇಬಲ್ ಕೆಳಗೆ ಬೆಡ್‌ಶೀಟ್ ಹಾಸಿ ಸರದಿಯಲ್ಲಿ ಅರ್ಧರ್ಧ ಗಂಟೆ ಮಲಗಿದರು. ವಾರ್ಡನ್‌ಗೆ ಹೇಳಿ ನೋಡಿದೆ. ‘ರೂಲ್ಸ್ ಮೇಡಂ, ಪೇರೆಂಟ್ಸ್‌ಗೆ ನಾವು ಉತ್ತರ ಕೊಡಬೇಕು’ ಅಂದರು. ಅವರನ್ನೂ ಬೈಯಲು ಆಗುವುದಿಲ್ಲ, ಅವರ ನೌಕರಿ. ಆದರೆ ಹ್ಯಾಕಥಾನ್ ಮಾಡುವವರು ಹಾಸ್ಟೆಲಿನವರ ಜೊತೆ ಮೊದಲೇ ಮಾತಾಡಿ, ಲ್ಯಾಬ್ ಪಕ್ಕದ ಒಂದು ಕ್ಲಾಸ್‌ರೂಮನ್ನು ಹುಡುಗಿಯರಿಗೆ ಬಿಡಿಸಿ, ಬಾಗಿಲಿಗೆ ಒಬ್ಬ ಲೇಡಿ ಸೆಕ್ಯುರಿಟಿ ಹಾಕಿದ್ದರೆ ಆಗುತ್ತಿತ್ತು. ಕೇಂದ್ರ ಸರ್ಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಆರು ಜನರ ಟೀಮಿಗೆ ಕನಿಷ್ಠ ಒಬ್ಬ ಹುಡುಗಿ ಇರಲೇಬೇಕು ಅಂತ ನಿಯಮ ಇದೆ. ಅಲ್ಲೂ ಸಾಫ್ಟ್‌ವೇರ್ ಫೈನಲ್ 36 ಗಂಟೆ. ಆ ನಿಯಮ ಇರುವುದರಿಂದ ನಮ್ಮ ಕಾಲೇಜಿನಲ್ಲಿ ಹುಡುಗಿಯರನ್ನು ಟೀಮಿಗೆ ಹುಡುಕಿಕೊಂಡು ಬರುತ್ತಾರೆ. ಕೆಲವರು ಹೆಸರಿಗೆ ಸೇರಿಸಿಕೊಳ್ಳುತ್ತಾರೆ, ಅದೂ ಗೊತ್ತು. ಆದರೂ ಸೇರಿದವಳು ಎರಡನೇ ವರ್ಷಕ್ಕೆ ತಾನೇ ಲೀಡರ್ ಆಗಿದ್ದನ್ನು ನೋಡಿದ್ದೇನೆ. ಬಾಗಿಲು ತೆರೆದ ಮೇಲೆ ರಾತ್ರಿ ಹತ್ತಕ್ಕೆ ಬೀಗ ಹಾಕಬೇಡಿ, ಅಷ್ಟೇ ನಾನು ಕೇಳುವುದು.

ಊಟ ಪರವಾಗಿಲ್ಲ. ಬಿಸಿಬೇಳೆ ಬಾತ್ ಚೆನ್ನಾಗಿತ್ತು, ಚಪಾತಿ ಚರ್ಮದಂತೆ. ನಡುರಾತ್ರಿ ಮ್ಯಾಗಿ ಮತ್ತು ಚಹಾ ಲೆಕ್ಕವಿಲ್ಲದೆ ಕೊಟ್ಟರು. ವೈಫೈ ಎರಡನೇ ದಿನ ಮಧ್ಯಾಹ್ನ ಕೈಕೊಟ್ಟಿತು, ಮಕ್ಕಳು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ತೂಗಿಸಿದರು. ಎಕ್ಸ್‌ಟೆನ್ಷನ್ ಬಾಕ್ಸ್ ನೀವೇ ಒಯ್ಯಿರಿ.

ಈಗ ಸ್ಪರ್ಧೆಯ ನಿಯಮಗಳಿಗೆ ಬರುತ್ತೇನೆ, ಮಾರ್ಕ್ಸ್ ಕಳೆದದ್ದು ಹೆಚ್ಚಾಗಿ ಇಲ್ಲೇ. ಎಂಎಲ್‌ಎಚ್ ಮಾದರಿಯಲ್ಲಿ ನಿಯಮ ಸರಳ. ಐಡಿಯಾ ಮೊದಲೇ ತಲೆಯಲ್ಲಿ ಇರಬಹುದು. ಓಪನ್ ಸೋರ್ಸ್ ಲೈಬ್ರರಿ (ಎಲ್ಲರಿಗೂ ತೆರೆದಿಟ್ಟ ಸಿದ್ಧ ಕೋಡ್) ಬಳಸಬಹುದು. ಹಳೆಯ ಪ್ರಾಜೆಕ್ಟಿಗೆ ಹೊಸ ಫೀಚರ್ ಕೂಡ ಸೇರಿಸಬಹುದು, ಆದರೆ ಜಡ್ಜ್‌ಗಳು ಹೊಸದನ್ನು ಮಾತ್ರ ನೋಡುತ್ತಾರೆ. ಪ್ರಾಜೆಕ್ಟಿನ ಕೆಲಸ ಮಾತ್ರ ಹ್ಯಾಕಥಾನ್‌ನಲ್ಲೇ ಆಗಬೇಕು. ಇಲ್ಲಿನ ಹಾಳೆಯಲ್ಲೂ ‘ಎಲ್ಲ ಕೋಡ್ ಇಲ್ಲಿಯೇ ಬರೆಯತಕ್ಕದ್ದು’ ಅಂತ ಇತ್ತು. ಪಾಲಿಸಿದ್ದಾರಾ ಅಂತ ನೋಡುವವರು ಯಾರೂ ಇರಲಿಲ್ಲ.

ಗೆದ್ದ ಟೀಮಿನ ಪ್ರಾಜೆಕ್ಟಿನ ವಿಡಿಯೋ ನಮ್ಮ ಹುಡುಗನೊಬ್ಬನಿಗೆ ಮೊದಲೇ ಕಂಡಿತ್ತು, ಯಾರದೋ ಲಿಂಕ್ಡ್‌ಇನ್‌ನಲ್ಲಿ. ಅದೇ ಹೆಸರು, ಅದೇ ನೀಲಿ ಲೋಗೋ. ಅವರ ಗಿಟ್‌ಹಬ್ ರೆಪೊ, ಅಂದರೆ ಕೋಡ್ ಇಡುವ ಆನ್‌ಲೈನ್ ಫೋಲ್ಡರ್, ತೆಗೆದು ನೋಡಿದೆವು. ಕೋಡ್‌ನಲ್ಲಿ ಮಾಡಿದ ಬದಲಾವಣೆಯನ್ನು ತಾರೀಕು, ಮೆಸೇಜ್ ಸಮೇತ ದಾಖಲಿಸುವುದಕ್ಕೆ ಕಮಿಟ್ ಅನ್ನುತ್ತಾರೆ. ಇವರ ಮೊದಲ ಕಮಿಟ್‌ನಲ್ಲೇ ನೂರಾರು ಫೈಲು, ಲಾಗಿನ್ ಪೇಜಿನಿಂದ ಹಿಡಿದು ಅಡ್ಮಿನ್ ಡ್ಯಾಶ್‌ಬೋರ್ಡ್ ತನಕ. ಮೆಸೇಜ್ ‘ಇನಿಷಿಯಲ್ ಕಮಿಟ್’. ಆಮೇಲೆ ಬಂದದ್ದೆಲ್ಲ ಬಣ್ಣ ಬದಲಿಸಿದ್ದು, ರೀಡ್‌ಮಿ ಅನ್ನುವ ವಿವರಣೆಯ ಫೈಲು ತಿದ್ದಿದ್ದು.

ಆಯೋಜಕರ ಹತ್ತಿರ ಹೋದೆವು. ಅವರು ಲ್ಯಾಪ್‌ಟಾಪ್ ತೆಗೆದು ‘ನೋಡಿ ಮೇಡಂ, ಎಲ್ಲ ಕಮಿಟ್ ಡೇಟೂ ನಿನ್ನೆ ಇವತ್ತಿನದೇ’ ಅಂದರು. ಕಮಿಟ್ ತಾರೀಕು ಸಾಕ್ಷಿ ಆಗುವುದೇ ಇಲ್ಲ. ಈ ದಾಖಲೆ ಇಡುವ ಗಿಟ್ ಸಾಫ್ಟ್‌ವೇರ್‌ನಲ್ಲಿ ಆ ತಾರೀಕನ್ನು ಬರೆಯುವವನೇ ತನಗೆ ಬೇಕಾದಂತೆ ಹಾಕಬಹುದು, ಒಂದು ಆಪ್ಷನ್ ಕೊಟ್ಟರೆ ಸಾಕು. ಅದೂ ಬೇಡ, ಹಳೆಯ ಫೋಲ್ಡರನ್ನು ಹೊಸ ರೆಪೊಗೆ ಕಾಪಿ ಮಾಡಿ ಇವತ್ತು ಕಮಿಟ್ ಮಾಡಿದರೆ ತಾರೀಕು ಇವತ್ತಿನದೇ ಬರುತ್ತದೆ. ನೋಡಬೇಕಾದದ್ದು ಕೆಲಸ ಹೇಗೆ ಬೆಳೆದಿದೆ ಅನ್ನುವುದನ್ನು. ನಮ್ಮ ಮಕ್ಕಳ ರೆಪೊದಲ್ಲಿ ಬೆಳಗಿನ ಜಾವ ‘ಹಾಳಾಯ್ತು, ವಾಪಸ್’ ಅಂತ ಒಂದು ಕಮಿಟ್ ಇತ್ತು, ಅದರ ಹಿಂದೆಯೇ ‘ಮತ್ತೆ ಹಾಳಾಯ್ತು’. ರಾತ್ರಿಯಿಡೀ ಮಾಡಿದ ಕೆಲಸ ಹಾಗೇ ಕಾಣುತ್ತದೆ. ನನಗೆ ಗೊತ್ತಿರುವ ಸುಲಭ ಉಪಾಯ ಇದು: ಶುರುವಿನಲ್ಲೇ ಆಯೋಜಕರು ಪ್ರತಿ ಟೀಮಿಗೂ ಖಾಲಿ ರೆಪೊ ಮಾಡಿ ಕೊಡಲಿ, ಮೂರು ನಾಲ್ಕು ಗಂಟೆಗೊಮ್ಮೆ ಕೋಡ್ ಅಲ್ಲಿಗೆ ಕಳಿಸಲು (ಪುಶ್ ಮಾಡಲು) ಹೇಳಲಿ, ಮಧ್ಯೆ ಒಬ್ಬ ವಾಲಂಟಿಯರ್ ಬಂದು ಎರಡು ಪ್ರಶ್ನೆ ಕೇಳಲಿ. ‘ಈ ಫಂಕ್ಷನ್ ಏನು ಮಾಡುತ್ತದೆ?’ ಅಂತ ಕೇಳಿದರೆ ಬರೆದವನ ಮುಖ, ಬರೆಯದವನ ಮುಖ ಬೇರೆ ಬೇರೆ ಇರುತ್ತದೆ. ವೈವಾ ತೆಗೆದುಕೊಂಡ ಯಾವ ಮೇಷ್ಟ್ರನ್ನಾದರೂ ಕೇಳಿ.

ಕೊನೆಗೆ ಸಿಕ್ಕ ಉತ್ತರ, ‘ರಿಸಲ್ಟ್ ಅನೌನ್ಸ್ ಆದ ಮೇಲೆ ಕಂಪ್ಲೇಂಟ್ ತಗೊಳ್ಳಲ್ಲ.’ ಹಾಳೆಯಲ್ಲಿ ಹಾಗೆ ಎಲ್ಲೂ ಬರೆದಿರಲಿಲ್ಲ. ದೂರಿಗೆ ಗಡುವು ಇಟ್ಟುಕೊಳ್ಳಲಿ, ತಪ್ಪಿಲ್ಲ, ಆದರೆ ಬೆಳಗ್ಗೆಯೇ ಹೇಳಬೇಕಿತ್ತು. ರಾತ್ರಿ ನಡವಳಿಕೆಯ ದೂರನ್ನು ಅಷ್ಟು ಅಚ್ಚುಕಟ್ಟಾಗಿ ಬರೆದುಕೊಂಡವರು, ನಕಲಿನ ದೂರನ್ನು ನಿಂತ ಕಾಲಲ್ಲೇ ತಳ್ಳಿಹಾಕಿದರು. ಅಲ್ಲಿ ಅದಕ್ಕೆ ಅಂತ ಒಬ್ಬರನ್ನು ನೇಮಿಸಿದ್ದರು, ಇಲ್ಲಿ ಯಾರೂ ಇರಲಿಲ್ಲ. ವ್ಯತ್ಯಾಸ ಅಷ್ಟೇ ಅಂತ ನನಗೆ ಅನ್ನಿಸುತ್ತದೆ.

ಎಐ ವಿಷಯ ಬರೆಯದಿದ್ದರೆ ಮಕ್ಕಳು ನಗುತ್ತಾರೆ. ನಿಯಮ ಹನ್ನೊಂದು: ‘ಎಐ ಟೂಲ್‌ಗಳ ಬಳಕೆ ಸಂಪೂರ್ಣ ನಿಷೇಧ.’ ಉದ್ಘಾಟನೆಯಲ್ಲಿ ಸ್ಪಾನ್ಸರ್ ವೇದಿಕೆ ಹತ್ತಿ ಎಲ್ಲ ಟೀಮಿಗೂ ತಮ್ಮ ಎಐ ಟೂಲಿನ ಉಚಿತ ಕೂಪನ್ ಹಂಚಿದರು. ಜೋರು ಚಪ್ಪಾಳೆ. ನಮ್ಮ ಟೀಮ್ ಲೀಡರ್ ಒಂದು ಕೈಯಲ್ಲಿ ಹಾಳೆ, ಒಂದು ಕೈಯಲ್ಲಿ ಕೂಪನ್ ಹಿಡಿದು ನನ್ನ ಮುಖ ನೋಡಿದ. ಹೋಗಿ ಕೇಳಿದರೆ ‘ಐಡಿಯಾಗೆ ಓಕೆ, ಕೋಡ್‌ಗೆ ಬೇಡ’ ಅಂತ ಒಬ್ಬರು, ‘ಯೂಸ್ ಮಾಡಿ, ಆದ್ರೆ ಹೇಳ್ಬೇಡಿ’ ಅಂತ ಇನ್ನೊಬ್ಬರು. ಹೇಳಬೇಡಿ ಅನ್ನುವುದು ಎಂಥ ನಿಯಮ! ಇವತ್ತಿನ ದಿನದಲ್ಲಿ ನಿಷೇಧ ನಡೆಯುವುದಿಲ್ಲ. ಯಾವ ಟೂಲ್, ಯಾವ ಭಾಗಕ್ಕೆ ಬಳಸಿದ್ದೀರಿ ಅಂತ ರೀಡ್‌ಮಿಯಲ್ಲಿ ಬರೆಸಿ, ಬರೆಯದೆ ಸಿಕ್ಕಿಬಿದ್ದರೆ ಹೊರಗೆ ಹಾಕಿ. ಪ್ರಾಮಾಣಿಕವಾಗಿ ಬಳಸದೇ ಕೂತ ಟೀಮುಗಳಿಗೆ ಇಲ್ಲಿ ಅನ್ಯಾಯವಾಯಿತು.

ಇನ್ನೊಂದು, ಗೂಗಲ್ ಫಾರ್ಮಿನ ತೀರಾ ಕೆಳಗೆ, ಟಿಕ್ ಹಾಕುವ ಚೌಕದ ಪಕ್ಕ: ‘ತಯಾರಾದ ಎಲ್ಲ ಪ್ರಾಜೆಕ್ಟುಗಳ ಸಂಪೂರ್ಣ ಹಕ್ಕು ಆಯೋಜಕರು ಮತ್ತು ಪ್ರಾಯೋಜಕರಿಗೆ ಸೇರಿದ್ದು.’ ಮಕ್ಕಳು ಓದದೇ ಟಿಕ್ ಹಾಕಿದ್ದರು, ಅದು ಮಕ್ಕಳ ಸ್ವಭಾವ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ವಿದ್ಯಾರ್ಥಿ ತಾನಾಗಿ ಬರೆದದ್ದಕ್ಕೆ ಮೊದಲ ಹಕ್ಕುದಾರ ಅವನೇ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಇಷ್ಟು ಹೇಳಿ, ಆ ಸಾಲು ಯಾಕೆ ಅಂತ ಕೋಆರ್ಡಿನೇಟರ್ ಅವರನ್ನು ಕೇಳಿದೆ. ‘ಅಯ್ಯೋ ಮೇಡಂ, ಅದು ಬೇರೆ ಯಾವುದೋ ಇವೆಂಟಿನ ಫಾರ್ಮ್, ಕಾಪಿ ಪೇಸ್ಟ್ ಆಗಿಬಿಟ್ಟಿದೆ’ ಅಂದರು. ಪಾಪ, ನಿಜವೇ ಇರಬೇಕು. ಆ ಮಧ್ಯಾಹ್ನವೇ ತೆಗೆಸಿ ಎಲ್ಲರಿಗೂ ಮೇಲ್ ಕಳಿಸಿದರು. ಅರ್ಧ ಮಾರ್ಕ್ ಅದಕ್ಕೆ. ನೀವು ಹೋಗುವ ಕಡೆ ಈ ಸಾಲು ಇದೆಯಾ ಅಂತ ಒಮ್ಮೆ ನೋಡಿ.

ಜಡ್ಜ್‌ಗಳ ಬಗ್ಗೆ ಜಾಸ್ತಿ ಬರೆಯಲ್ಲ. ನಾಲ್ಕು ನಿಮಿಷ ಅಂದವರು ಕೊನೆಯ ಟೀಮುಗಳಿಗೆ ಎರಡು ನಿಮಿಷ ಕೊಟ್ಟರು, ಟ್ರಾಫಿಕ್ ಶುರುವಾಗುವ ಮೊದಲು ಹೊರಡಬೇಕಿತ್ತು. ನಮ್ಮ ಟೀಮ್ ಮಾಡಿದ್ದು ಎಪಿಎಂಸಿ ದರವನ್ನು ಫೋನಿನಲ್ಲಿ ಮಾತಲ್ಲೇ ಕೇಳುವ ಆ್ಯಪ್. ‘ಒಣಮೆಣಸಿನಕಾಯಿ ಇವತ್ತ ಎಷ್ಟ ಐತಿ’ ಅಂತ ನಮ್ಮ ಕಡೆಯ ಮಾತಲ್ಲಿ ಕೇಳಿದರೆ ಅದಕ್ಕೆ ತಿಳಿಯಬೇಕು. ಲ್ಯಾಬಿನಲ್ಲಿ ಹತ್ತಕ್ಕೆ ಏಳು ಸಲ ತಿಳಿಯುತ್ತಿತ್ತು. ಜಡ್ಜ್ ಮುಂದೆ ನೆಟ್ ಹೋಯಿತು, ಒಂದು ಸಲವೂ ತಿಳಿಯಲಿಲ್ಲ. ಆದರೂ ತೋರಿಸಲು ಬಿಟ್ಟರು. ಇದು ಹಾಳೆಯ ಕೊನೆಯ ಸಾಲು, ಎಂಎಲ್‌ಎಚ್‌ನಿಂದಲೇ ಬಂದದ್ದು: ಮುಗಿಯದಿದ್ದರೂ, ಕೆಟ್ಟಿದ್ದರೂ ಬಂದು ತೋರಿಸಿ. ಬೇರೆ ಕಡೆ ‘ವರ್ಕಿಂಗ್ ಇಲ್ವಾ? ನೆಕ್ಸ್ಟ್’ ಅಂದದ್ದನ್ನು ಕೇಳಿದ್ದೇನೆ. ಇಲ್ಲಿ ಒಬ್ಬ ಜಡ್ಜ್ ಎದ್ದು ಹೊರಡುವವರು ನಿಂತು, ಲ್ಯಾಪ್‌ಟಾಪಿನಲ್ಲಿ ಸೇವ್ ಆಗಿದ್ದ ಹಳೆಯ ರೆಕಾರ್ಡಿಂಗ್ ಕೇಳಿದರು. ‘ಐತಿ’ ಮತ್ತು ‘ಇದೆ’ ಎರಡನ್ನೂ ಹೇಗೆ ಹಿಡಿಯುತ್ತೀರಿ ಅಂತ ಕೇಳಿದರು. ನಮ್ಮವರು ಬಿಳಿ ಬೋರ್ಡಿನ ಮೇಲೆ ಬರೆದು ತೋರಿಸಿದರು. ಬಹುಮಾನ ಬರಲಿಲ್ಲ. ಬರುವ ರೈಲಿನಲ್ಲಿ ಪೂರ್ತಿ ಅದೇ ಮಾತು, ಮುಂದಿನ ವರ್ಷನ್‌ನಲ್ಲಿ ನೆಟ್ ಇಲ್ಲದೆಯೂ ಓಡಬೇಕು ಅಂತ.

ಕ್ಲಾಸಿಗೆ ಬರದ ದಿನಗಳಿಗೆ ಹಾಜರಿ ಸಿಗಲು ಬೇಕಾದ ಆನ್ ಡ್ಯೂಟಿ (ಓಡಿ) ಲೆಟರ್ ಮತ್ತು ಸರ್ಟಿಫಿಕೇಟ್ ಸ್ಥಳದಲ್ಲೇ ಕೊಟ್ಟರು, ಹೆಸರಿನ ಸ್ಪೆಲಿಂಗ್ ಕೂಡ ಸರಿಯಾಗಿತ್ತು. ಎರಡು ತಿಂಗಳು ಬಿಟ್ಟು ಪಿಡಿಎಫ್ ಕಳಿಸುವವರು ಇದನ್ನು ಕಲಿಯಲಿ.

ಮುಂದಿನ ಸಲಕ್ಕೂ ಟೀಮ್ ಕಳಿಸುವ ಆಸೆ ಇದೆ. ಕೋಆರ್ಡಿನೇಟರ್ ಅವರಿಗೆ ಮೇಲ್ ಹಾಕಿದ್ದೇನೆ: ಹುಡುಗಿಯರ ವಿಶ್ರಾಂತಿಗೆ ಲ್ಯಾಬ್ ಪಕ್ಕದಲ್ಲೇ ರೂಮ್ ಕೊಡುತ್ತೀರಾ, ನಕಲಿನ ದೂರನ್ನು ಯಾರಿಗೆ ಎಷ್ಟು ಹೊತ್ತಿನೊಳಗೆ ಕೊಡಬೇಕು, ಎಐ ಹೌದಾ ಇಲ್ಲವಾ. ಮೂರನೆಯದಕ್ಕೆ ‘ಚರ್ಚೆಯಲ್ಲಿದೆ’ ಅಂತ ಉತ್ತರ ಬಂದಿದೆ. ಮೊದಲನೆಯದಕ್ಕೆ ಇನ್ನೂ ಬಂದಿಲ್ಲ. ಅದು ಬರುವ ತನಕ ನಮ್ಮ ಹುಡುಗಿಯರ ಹೆಸರು ಕೊಡುವುದಿಲ್ಲ ಅಂತ ಎಚ್‌ಒಡಿಗೂ ಹೇಳಿದ್ದೇನೆ.